ಇಪ್ಪತ್ತೆರಡು ಗಂಟೆಯ ಮನೆ

ಪಿಟೀಲಿನ ಮನೆಯಲ್ಲಿ ದಿನಕ್ಕೆ ಇಪ್ಪತ್ತೆರಡೇ ಗಂಟೆ. ಇದನ್ನು ಅವಳು ಐದನೆಯ ತರಗತಿಗೆ ಸೇರಿದ ಎರಡನೆಯ ತಿಂಗಳಲ್ಲಿ, ಮನೆಗೆಲಸದ ಪುಸ್ತಕದಲ್ಲಿ, ಭಾಗಾಕಾರ ಮಾಡಿ ಕಂಡುಹಿಡಿದಳು. ಶೇಷ ಸೊನ್ನೆ ಬಂದ ಖುಷಿಗೆ ಉತ್ತರದ ಕೆಳಗೆ ಎರಡು ಗೆರೆ ಎಳೆದು, ಸುತ್ತ ಚೌಕಟ್ಟನ್ನೂ ಹಾಕಿದಳು. ತಪ್ಪು ಉತ್ತರಕ್ಕೆ ಚೌಕಟ್ಟು ಹಾಕುವವರ ಧೈರ್ಯವೇ ಬೇರೆ.

ಪಿಟೀಲು ಅನ್ನುವುದು ಶಾಲೆಯ ಹಾಜರಿ ಪುಸ್ತಕದ ಹೆಸರಲ್ಲ, ಅಪ್ಪ ಇಟ್ಟದ್ದು. ಹುಟ್ಟಿದ ದಿನ ಅವಳ ಅಳು ಕೇಳಿ, ಯಾರಪ್ಪಾ ಇದು ಬೆಳಗ್ಗೆ ಬೆಳಗ್ಗೇನೇ ಪಿಟೀಲು ಕುಯ್ಯುವವರು ಎಂದಿದ್ದನಂತೆ. ಮುಂದೆ ಅಳು ನಿಂತಿತು, ಪ್ರಶ್ನೆಗಳು ಶುರುವಾದವು, ಹೆಸರು ಹಾಗೇ ಉಳಿಯಿತು.

ಅಪ್ಪ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ವರ್ಷದಲ್ಲಿ ಹತ್ತು ತಿಂಗಳು ನೀರಿನ ಮೇಲೆ, ಎರಡು ತಿಂಗಳು ಮನೆಯಲ್ಲಿ. ಅಮ್ಮ ಬಸ್ ಡಿಪೋದ ಹಿಂದಿನ ಕಾರ್ಖಾನೆಯಲ್ಲಿ ಭೂಗೋಳ ಅಂಟಿಸುತ್ತಿದ್ದಳು. ಶಾಲೆಯ ಮೇಜಿನ ಮೇಲೆ ಕಾಲುಮಣೆ ಸಮೇತ ನಿಂತು ಗಿರಗಿರ ತಿರುಗುತ್ತದಲ್ಲ, ಆ ಭೂಗೋಳ. ಅದು ಹುಟ್ಟುವಾಗ ಬೋಳು ಬಿಳಿ ಚೆಂಡು. ಅದರ ಮೇಲೆ ಅಚ್ಚಾದ ಕಾಗದದ ಪಟ್ಟಿಗಳನ್ನು, ನಡುವೆ ಅಗಲವಾಗಿ ಎರಡೂ ತುದಿ ಚೂಪಾಗಿ ಎಲೆಯ ಹಾಗಿರುವ ಪಟ್ಟಿಗಳನ್ನು, ನೀರಲ್ಲಿ ಅದ್ದಿ ಒಂದರ ಪಕ್ಕಕ್ಕೆ ಒಂದು ಅಂಟಿಸುತ್ತಾ ಹೋಗಬೇಕು. ಅಮ್ಮ ಮೂರನೆಯ ತರಗತಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿದವಳು. ಆದರೂ ದಿನಕ್ಕೆ ಒಂಬತ್ತು ಪ್ರಪಂಚಗಳು ಅವಳ ಅಂಗೈ ಅಡಿ ಹಾದುಹೋಗುತ್ತಿದ್ದವು. ಕಾಗದದಲ್ಲಿ ಒಂದು ಸುಕ್ಕು ಉಳಿದರೂ ಅಲ್ಲೊಂದು ಇಲ್ಲದ ಬೆಟ್ಟ ಎದ್ದೀತು ಎಂದು ಹೆಬ್ಬೆರಳಿನಿಂದ ತೀಡಿ ತೀಡಿ ಸಮ ಮಾಡುತ್ತಿದ್ದಳು.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸಬರು ಅಂಟಿಸಿದ ಮೊದಲ ಗೋಳವನ್ನು ಮಾರುವಂತಿಲ್ಲ. ಮೇಸ್ತ್ರಿ ಅದನ್ನು ತಿರುಗಿಸಿಯೂ ನೋಡದೆ ಹಳೆ ಪತ್ರಿಕೆಯಲ್ಲಿ ಸುತ್ತಿ, ಮನೆಗೆ ತಗೊಂಡು ಹೋಗಮ್ಮ ಎನ್ನುತ್ತಿದ್ದ. ಹಾಗೆ ಏಳು ವರ್ಷದ ಹಿಂದೆ ಬಂದ ಗೋಳ ಪಿಟೀಲಿನ ಮಂಚದ ಪಕ್ಕದ ಕಿಟಕಿಯಲ್ಲಿ ಕೂತಿತ್ತು. ಅದನ್ನು ತಿರುಗಿಸುತ್ತಾ ಅವಳು ಬಣ್ಣ ಕಲಿತಳು, ಓದು ಕಲಿತಳು, ಅಪ್ಪ ಎಲ್ಲಿ ಎಂದು ಕೇಳಿದವರಿಗೆಲ್ಲ ನೀಲಿ ಬಣ್ಣದ ಮೇಲೆ ಬೆರಳಿಟ್ಟು ತೋರಿಸಿದಳು. ಬಿಸಿಲು ಬಿದ್ದಾಗ ಮೆರುಗೆಣ್ಣೆ ಬೆಚ್ಚಗಾಗಿ ಗೋಳದಿಂದ ಒಂದು ಸಿಹಿ ವಾಸನೆ ಬರುತ್ತಿತ್ತು. ಸಮುದ್ರದ ವಾಸನೆ ಅದೇ ಎಂದು ಅವಳು ತುಂಬಾ ದಿನ ನಂಬಿದ್ದಳು.

ಐದನೆಯ ತರಗತಿಯ ಟೀಚರು ರೇಖಾಂಶದ ಪಾಠ ಮಾಡಿದ್ದು ಬರೀ ಕಾಲುಮಣೆ ಇಟ್ಟುಕೊಂಡು. ಶಾಲೆಯ ಗೋಳವನ್ನು ಏಳನೆಯ ತರಗತಿಯವರು ಎಂದೋ ಫುಟ್‌ಬಾಲ್ ಆಡಿ ಮುಗಿಸಿದ್ದರು. ಇಲ್ಲದ ಭೂಮಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾ ಟೀಚರು ಹೇಳಿದರು: ಮೇಲಿಂದ ಕೆಳಕ್ಕೆ ಹತ್ತು ಡಿಗ್ರಿಗೊಂದು ಗೆರೆ ಇದೆ ಅಂದುಕೊಳ್ಳಿ, ಭೂಮಿ ಒಂದು ಗಂಟೆಗೆ ಹದಿನೈದು ಡಿಗ್ರಿ ತಿರುಗುತ್ತೆ. ಮನೆಯಲ್ಲೋ ಅಂಗಡಿಯಲ್ಲೋ ಗೋಳ ಸಿಕ್ಕರೆ ಗೆರೆಗಳನ್ನು ಎಣಿಸಿ, ಒಂದು ಸುತ್ತಿಗೆ ಎಷ್ಟು ಗಂಟೆ ಬೇಕೆಂದು ಲೆಕ್ಕ ಮಾಡಿ ತನ್ನಿ. ಉಳಿದ ಮಕ್ಕಳು ಲೆಕ್ಕ ಮಾಡುವ ಗೋಜಿಗೇ ಹೋಗದೆ ಇಪ್ಪತ್ನಾಲ್ಕು ಎಂದು ಬರೆದು ತಂದರು. ಪಿಟೀಲು ಮಾತ್ರ ಎಣಿಸಿದಳು. ಮೂವತ್ತಮೂರು ಗೆರೆ, ಮುನ್ನೂರ ಮೂವತ್ತು ಡಿಗ್ರಿ, ಹದಿನೈದರಿಂದ ಭಾಗಿಸಿದರೆ ಇಪ್ಪತ್ತೆರಡು. ಪ್ರಾಮಾಣಿಕರಿಗೆ ಇದೇ ಕಷ್ಟ ನೋಡಿ.

ಟೀಚರು ಕೆಂಪು ಗೆರೆ ಎಳೆದು, ಇನ್ನೊಮ್ಮೆ ಎಣಿಸಿ ತಿದ್ದುಪಡಿ ಬರೆದುಕೊಂಡು ಬಾ ಎಂದರು. ಪಿಟೀಲು ಅಲ್ಲಾಡಲಿಲ್ಲ.

"ನಮ್ಮಮ್ಮ ಮಾಡಿರೋ ಗೋಳ ಮೇಡಂ ಅದು. ನಮ್ಮಮ್ಮ ದಿನಾ ಅದನ್ನೇ ಮಾಡೋದು" ಎಂದಳು.

ಇಡೀ ತರಗತಿ ನಕ್ಕಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಪಕ್ಕದ ಬೆಂಚಿನವನು ಅವರಜ್ಜಿಯ ದನಿಯಲ್ಲಿ ಅಂದ. ಅವಳು ಮನೆಗೆ ಬಂದು ಮತ್ತೆ ಎಣಿಸಿದಳು, ಕೆಂಪು ಪೆನ್ಸಿಲಿನಿಂದ ಮನೆಗೆಂದು ಇಟ್ಟಿದ್ದ ಚುಕ್ಕಿಯಿಂದ ಹೊರಟು ಮತ್ತೆ ಅದೇ ಚುಕ್ಕಿಯವರೆಗೆ. ಮೂರು ಸಲವೂ ಮೂವತ್ತಮೂರೇ. ತಿದ್ದುಪಡಿಯ ಜಾಗವನ್ನು ಖಾಲಿ ಬಿಟ್ಟಳು.

ಮತ್ತೆ ಆ ಲೆಕ್ಕ ಅವಳಿಗೆ ಸರಿಯಾಗಿಯೇ ಕಂಡಿತು. ಅಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಒಂದೇ: ಇನ್ನೆರಡು ಗಂಟೆ ಇದ್ದಿದ್ದರೆ. ಇನ್ನೆರಡು ಗಂಟೆ ಇದ್ದಿದ್ದರೆ ಬಟ್ಟೆ ಒಗೆಯುತ್ತಿದ್ದೆ, ಇನ್ನೆರಡು ಗಂಟೆ ಇದ್ದಿದ್ದರೆ ನಿನ್ನ ತಲೆ ಬಾಚುತ್ತಿದ್ದೆ, ಇನ್ನೆರಡು ಗಂಟೆ ಇದ್ದಿದ್ದರೆ ಕೂತು ನಿನ್ನ ಕಥೆ ಕೇಳುತ್ತಿದ್ದೆ. ಊರಿಗೆಲ್ಲ ಇಪ್ಪತ್ನಾಲ್ಕು ಇರಬಹುದು, ತಮ್ಮ ಮನೆಗೆ ಇಪ್ಪತ್ತೆರಡೇ ಬಂದಿದೆ, ಅಷ್ಟೇ ತಾನೇ. ಇದರಲ್ಲಿ ಅಮ್ಮನ ತಪ್ಪೇನೂ ಇಲ್ಲ ಎಂದು ಅವಳಿಗೆ ದೊಡ್ಡ ಸಮಾಧಾನವಾಯಿತು. ಅಮ್ಮ ತಲೆ ಬಾಚದೆ ಓಡಿದ ದಿನ ಮೊದಲಿನ ಹಾಗೆ ಮುಖ ಊದಿಸಿಕೊಳ್ಳುವುದನ್ನು ಬಿಟ್ಟಳು.

ಆ ಎರಡು ಗಂಟೆ ದಿನದ ಯಾವ ಭಾಗದಲ್ಲಿ ಬಿದ್ದುಹೋಗುತ್ತದೆ ಎಂದು ಹುಡುಕುವುದೇ ಅವಳ ಆಟವಾಯಿತು. ಸಂಜೆಯೇ ಇರಬೇಕು. ನಾಲ್ಕಕ್ಕೆ ಚೀಲ ಎಸೆದು ಆಡಲು ಹೋದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀದಿದೀಪ ಹತ್ತುತ್ತಿತ್ತಲ್ಲ. ಮೆಟ್ಟಿಲ ತಿರುವಿನಲ್ಲಿ ಬಿಸಿಲು ಓರೆಯಾಗಿ ಬೀಳುವ ಜಾಗದಲ್ಲಿ ಕೂತು ಅವಳು ಕಾಯುತ್ತಿದ್ದಳು. ಧೂಳಿನ ಕಣಗಳು ಬೆಳಕಿನಲ್ಲಿ ಏಳುತ್ತಿದ್ದವು, ಇಳಿಯುತ್ತಿದ್ದವು. ಕೆಳಗಿನ ಮನೆಯ ಹೊಲಿಗೆ ಯಂತ್ರ ಒಂದು ಉದ್ದ ಹೊಲಿಗೆ ಹಾಕಿ ನಿಲ್ಲುತ್ತಿತ್ತು. ಅದು ನಿಂತ ಮೇಲೆ, ಮತ್ತೆ ಶುರುವಾಗುವ ಮೊದಲು, ಎಲ್ಲೋ ಒಂದು ಬಾಗಿಲು ಸದ್ದಿಲ್ಲದೆ ತೆರೆದು ಮುಚ್ಚಿದಂತೆ ಅವಳಿಗೆ ಅನಿಸುತ್ತಿತ್ತು. ಎದ್ದು ನೋಡಿದರೆ ಬಿಸಿಲು ಗೋಡೆ ಹತ್ತಿ ಹೋಗಿರುತ್ತಿತ್ತು.

ಅಪ್ಪನಿಗೂ ಐದನೆಯ ತರಗತಿಯ ಪಾಠದಿಂದ ಒಂದು ಆಟ ಸಿಕ್ಕಿತ್ತು. ಹಡಗು ನಡುನೀರಿನಲ್ಲಿದ್ದಾಗ ಮಾತಾಡಲು ಆಗುತ್ತಿರಲಿಲ್ಲ, ಭಾನುವಾರ ಬೆಳಗ್ಗೆ ಅಮ್ಮನ ಫೋನಿಗೆ ಒಂದು ಮೆಸೇಜು ಬರುತ್ತಿತ್ತು. ಮೊದಲೆಲ್ಲ ಕ್ಷೇಮ ಎಂಬ ಒಂದೇ ಪದ. ಈಗ ಅದರ ಜೊತೆಗೆ ಹಡಗು ನಿಂತಿರುವ ಜಾಗದ ಎರಡು ಅಂಕೆ, ಒಂದು ಪ್ರಶ್ನೆ: ಇಲ್ಲಿ ಗಂಟೆ ಎಷ್ಟು, ಪಿಟೀಲು? ಅವಳು ಕೆಂಪು ಚುಕ್ಕಿಯಿಂದ ಹೊರಟು, ಅಪ್ಪ ಹೋದ ದಾರಿಯಲ್ಲೇ ಬೆರಳಿನಿಂದ ನಡೆಯುತ್ತಾ, ಗೆರೆ ಎಣಿಸಿ, ಗಂಟೆ ಮಾಡಿ ಕಳಿಸುತ್ತಿದ್ದಳು. ಎಲ್ಲ ಸಲವೂ ಉತ್ತರ ಸರಿ ಇತ್ತು. ಹೋದ ಭಾನುವಾರ ಹಡಗು ಪೂರ್ವ ನೂರ ಎಪ್ಪತ್ತಾರರಲ್ಲಿತ್ತು, ದೊಡ್ಡ ಸಮುದ್ರದ ಮಧ್ಯೆ.

ಈ ಭಾನುವಾರ ಬಂದದ್ದು: ದಕ್ಷಿಣ 18, ಪಶ್ಚಿಮ 165. ಕ್ಷೇಮ. ಇಲ್ಲಿ ಗಂಟೆ ಎಷ್ಟು, ಪಿಟೀಲು?

ಬೆರಳು ನೂರ ಎಪ್ಪತ್ತಾರನ್ನು ದಾಟಿತು, ನೂರ ಎಂಬತ್ತಕ್ಕೆ ಬಂತು. ಅಲ್ಲಿಂದ ಮುಂದೆ ಅಂಕೆಗಳು ಇಳಿಯಬೇಕು: ನೂರ ಎಪ್ಪತ್ತು, ನೂರ ಅರವತ್ತು. ಇಳಿಯಲಿಲ್ಲ. ನೂರ ಎಂಬತ್ತರ ಗೆರೆಗೆ ಮೈ ತಾಗಿಸಿಕೊಂಡೇ ನೂರೈವತ್ತು ಕೂತಿತ್ತು. ಎರಡೂ ಕಡೆ ನೀಲಿ, ನಡುವೆ ಕೂದಲೆಳೆಯಷ್ಟು ಸಂದು. ಗೆರೆಗಳನ್ನೇ ಎಣಿಸಿದ್ದ ಹುಡುಗಿ ಅಂಕೆಗಳನ್ನು ಒಮ್ಮೆಯೂ ಓದಿರಲಿಲ್ಲ. ಅವಳು ಗೋಳವನ್ನು ಕೆಳಗೆ ಮೇಲೆ ಮಾಡಿದಳು, ಕಿಟಕಿಯ ಬೆಳಕಿಗೆ ಹಿಡಿದಳು, ಸಂದಿನಲ್ಲಿ ಉಗುರು ಇಟ್ಟು ನೋಡಿದಳು. ಪಶ್ಚಿಮ ನೂರ ಅರವತ್ತೈದು ಎಂಬ ಜಾಗ ಪ್ರಪಂಚದಲ್ಲಿ ಇರಲಿಲ್ಲ.

ಉತ್ತರ ಕಳಿಸಿದೆಯಾ ಎಂದು ಅಡುಗೆಮನೆಯಿಂದ ಅಮ್ಮ ಕೇಳಿದಳು. ಹೂಂ ಎಂದಳು ಪಿಟೀಲು. ಅಮ್ಮನಿಗೆ ಹೇಳಿದ ಮೊದಲ ದೊಡ್ಡ ಸುಳ್ಳು ಅದು.

ಹೇಳುವುದಾದರೂ ಹೇಗೆ? ಅತ್ತ ದರಿ, ಇತ್ತ ಪುಲಿ. ಗೋಳ ಸರಿಯಾಗಿದ್ದರೆ ಅಪ್ಪ ಎಲ್ಲಿಯೂ ಇಲ್ಲ. ಅಪ್ಪ ಎಲ್ಲೋ ಇದ್ದಾನೆ ಎಂದಾದರೆ ಅಮ್ಮ ಮಾಡಿದ ಪ್ರಪಂಚವೇ ತಪ್ಪು. ಇಬ್ಬರಲ್ಲಿ ಒಬ್ಬರನ್ನು ಆರಿಸು ಎಂದು ಹತ್ತು ವರ್ಷದ ಮಗುವಿನ ಮುಂದೆ ಇಟ್ಟರೆ ಅದು ಏನು ಮಾಡಬೇಕು? ಟೀಚರನ್ನು ಕೇಳಬಹುದಿತ್ತು. ಆದರೆ ನಮ್ಮಮ್ಮ ಮಾಡಿರೋ ಗೋಳ ಎಂದು ಎಲ್ಲರೆದುರು ಎದೆಯುಬ್ಬಿಸಿ ಹೇಳಿದ ಬಾಯಲ್ಲಿ ಈಗ ಅದನ್ನು ಕೇಳುವುದು ಹೇಗೆ?

ಪಾಠದ ನಡುವೆ ಅವಳ ಕಣ್ಣು ಕಿಟಕಿಯಾಚೆ ಹೋಗುತ್ತಿತ್ತು. ಅಲ್ಲಿ ಹಡಗು ಎರಡು ಕಾಗದಗಳ ನಡುವಿನ ಸಂದಿಗೆ ಜಾರುತ್ತಿತ್ತು. ಒಳಗೆ ಗಾಳಿ ಇರಲಿಲ್ಲ, ಅಲೆ ಇರಲಿಲ್ಲ, ಅಂಟಿನ ವಾಸನೆ ಮಾತ್ರ. ಮೆಟ್ಟಿಲ ತಿರುವಿನಿಂದ ಕಳೆದುಹೋದ ಎಲ್ಲ ಸಂಜೆಗಳೂ ಅಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದವು, ಹಳದಿ ಬಿಸಿಲು ಆರದೆ ಹಾಗೇ ಇತ್ತು. ಆ ಬಿಸಿಲಿನಲ್ಲಿ ಅಪ್ಪ ಎಣ್ಣೆಯ ಕೈ ಒರೆಸಿಕೊಳ್ಳುತ್ತಾ ಗಂಟೆ ಎಷ್ಟು, ಗಂಟೆ ಎಷ್ಟು ಎಂದು ಕೇಳುತ್ತಿದ್ದ. ಗಡಿಯಾರಕ್ಕೆ ಸೇರದ ಜಾಗದಲ್ಲಿ ಗಂಟೆ ಎಷ್ಟಾಗಿರುತ್ತದೆ? ಟೀಚರು ಮೇಜು ಕುಟ್ಟಿದಾಗ ಅವಳು ಬೆಚ್ಚಿಬಿದ್ದು, ಕೇಳದ ಪ್ರಶ್ನೆಗೆ ಗೊತ್ತಿಲ್ಲ ಮೇಡಂ ಎಂದಳು.

ಮುಂದಿನ ಭಾನುವಾರ ಮೆಸೇಜು ಬರಲೇ ಇಲ್ಲ. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಂಜೆಯವರೆಗೂ ಫೋನಿನ ಪಕ್ಕ ಕೂತಳು. ಸಿಗ್ನಲ್ ಇರಲ್ಲ ಎಂದು ಅಮ್ಮ ಸಲೀಸಾಗಿ ಹೇಳಿದಳು, ಆದರೆ ಫೋನನ್ನು ಎರಡು ಸಲ ಒರೆಸಿ ಇಟ್ಟಳು. ತಾನು ಉತ್ತರ ಕಳಿಸಲಿಲ್ಲ, ಅದಕ್ಕೇ ಅಪ್ಪ ಆ ಸಂದಿನಿಂದ ಹೊರಗೆ ಬರಲು ದಾರಿ ಕಾಣದೆ ನಿಂತಿದ್ದಾನೆ ಎಂದು ಪಿಟೀಲಿಗೆ ಖಾತ್ರಿಯಾಯಿತು. ತಟ್ಟೆಯಲ್ಲಿದ್ದದ್ದು ತಟ್ಟೆಯಲ್ಲೇ ಉಳಿಯತೊಡಗಿತು.

ಶನಿವಾರ ಅರ್ಧ ದಿನ ಶಾಲೆ. ಅವಳು ಮನೆಗೆ ಹೋಗದೆ ನೇರವಾಗಿ ಬಸ್ ಡಿಪೋ ದಾಟಿ, ಟೈರು ಅಂಗಡಿಗಳ ಸಾಲು ಮುಗಿಸಿ ಕಾರ್ಖಾನೆಗೆ ಬಂದಳು. ಚಾವಣಿಯಿಂದ ತಂತಿಗಳಲ್ಲಿ ಬಿಳಿ ಚೆಂಡುಗಳು ಒಣಗುತ್ತಾ ತೂಗುತ್ತಿದ್ದವು. ಕೆಳಗೆ ಉದ್ದ ಮೇಜಿನ ಎರಡೂ ಬದಿಗೆ ಆರು ಹೆಂಗಸರು, ಎಲ್ಲರ ಮುಂದೆ ಒಂದೊಂದು ನೀರಿನ ತಟ್ಟೆ, ಒಂದೊಂದು ಅರೆಬರೆ ಪ್ರಪಂಚ. ಅಮ್ಮ ತಲೆ ಎತ್ತಿ ನೋಡಿ, ಬಾ ಎಂದು ಹುಬ್ಬಿನಲ್ಲೇ ಕರೆದು, ಪಕ್ಕದ ಸ್ಟೂಲು ತೋರಿಸಿದಳು. ಆ ದಿನ ಹೊಸಬಳೊಬ್ಬಳು ಸೇರಿದ್ದಳು. ಮೇಸ್ತ್ರಿ, ಕಿವಿಯ ಮೇಲೂ ಅಂಟು ಮೆತ್ತಿಕೊಂಡಿದ್ದ ಮುದುಕ, ಅವಳಿಗೆ ಪಾಠ ಹೇಳುತ್ತಿದ್ದ.

"ನೀರಲ್ಲಿ ಮೂರು ಉಸಿರು, ಅಷ್ಟೇ. ಹೆಚ್ಚು ಹೊತ್ತು ಬಿಟ್ಟೆಯೋ, ಕಾಗದ ಹಿಗ್ಗತ್ತೆ. ಆಮೇಲೆ ಹನ್ನೊಂದಕ್ಕೇ ಚೆಂಡು ತುಂಬಿಹೋಗಿ, ಹನ್ನೆರಡನೇ ಪಟ್ಟಿ ಕೈಯಲ್ಲೇ ಉಳಿಯತ್ತೆ. ಆಗ ಎಲ್ಲಿಗೆ ಅಂಟಿಸ್ತೀಯಾ, ನಿನ್ನ ಹಣೆಗಾ?"

ಹೆಂಗಸರು ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಮ್ಮ ಸುಮ್ಮನೆ ತನ್ನ ತಟ್ಟೆಯನ್ನು ಸರಿಸಿದಳು. ನೀರು ತುಳುಕಿತು. ಪಿಟೀಲು ಅಮ್ಮನ ಮುಂದಿನ ಪಟ್ಟಿಗಳ ಕಟ್ಟನ್ನು ನೋಡಿದಳು. ಎಣಿಸಿದಳು. ಅಂಟಿಸಿದ್ದು ಒಂಬತ್ತು, ಉಳಿದದ್ದು ಮೂರು. ಮೂರರಲ್ಲಿ ಮೇಲಿನದು ತುದಿಗಳನ್ನು ಬಿಟ್ಟರೆ ಪೂರ್ತಿ ನೀಲಿ, ಕೆಳಭಾಗದಲ್ಲಿ ಸಾಸಿವೆ ಚೆಲ್ಲಿದಂತೆ ನಾಲ್ಕಾರು ದ್ವೀಪ. ಅದರ ನಡುವೆ ಅಂಕೆಗಳಿದ್ದವು: 170, 160.

ಅವಳು ಮೇಲೆ ನೋಡಿದಾಗ ಅಮ್ಮ ಅವಳನ್ನೇ ನೋಡುತ್ತಿದ್ದಳು. ಅಮ್ಮ ಆ ನೀಲಿ ಪಟ್ಟಿಯನ್ನು ನೀರಿಗೆ ಬಿಟ್ಟಳು, ಮೂರು ಉಸಿರು ಎಣಿಸಿದಳು, ಎತ್ತಿ ಚೆಂಡಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ನಿಧಾನವಾಗಿ ತೀಡಿದಳು.

ಮನೆಗೆ ಬಂದ ಮೇಲೆ ಅಮ್ಮ ಕೈಕಾಲು ಕೂಡ ತೊಳೆಯದೆ ಬೀರು ತೆರೆದು ಗುಂಡಿ, ಸೂಜಿ, ದಾರದುಂಡೆಗಳ ತಗಡಿನ ಡಬ್ಬಿ ತೆಗೆದಳು. ತಳದಲ್ಲಿ ಸುರುಳಿ ಸುತ್ತಿದ ಒಂದು ಕಾಗದವಿತ್ತು. ಏಳು ವರ್ಷ ಸುತ್ತಿಕೊಂಡೇ ಇದ್ದದ್ದು ಬಿಡಿಸಿದರೂ ಮತ್ತೆ ಮತ್ತೆ ಸುರುಳಿಯಾಗುತ್ತಿತ್ತು. ಎರಡೂ ತುದಿಗೆ ಒಂದೊಂದು ಗುಂಡಿ ಹೇರಿ ಮೇಜಿನ ಮೇಲೆ ಮಲಗಿಸಿದಳು.

"ಅವತ್ತು ಬೆಳಗ್ಗೆ ನಿಮ್ಮಪ್ಪ ಮೊದಲನೇ ಸಲ ಹಡಗಿಗೆ ಹೋದ್ರು. ಅವತ್ತೇ ನಂಗೆ ಕೆಲಸದ ಮೊದಲನೇ ದಿನ. ಕೈ ನೀರಲ್ಲಿತ್ತು, ಮನಸ್ಸು ಎಲ್ಲೋ. ಮೂರು ಉಸಿರಲ್ಲ, ಎಷ್ಟು ಹೊತ್ತು ಹಾಗೇ ಕೂತಿದ್ನೋ. ಕೊನೆಗೆ ಇದೊಂದು ಉಳೀತು. ಕಂಡ್ರೆ ಕೆಲಸದಿಂದ ತೆಗೀತಾರೆ ಅಂತ ಮಡಿಲಲ್ಲಿ ಬಚ್ಚಿಟ್ಕೊಂಡು ಬಂದೆ."

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಪಿಟೀಲು ಕೇಳಿದಳು. ನೀನು ಅದನ್ನು ಅಷ್ಟು ಮುದ್ದು ಮಾಡುತ್ತಿದ್ದೆ, ಬರೀ ನೀರಿರುವ ಜಾಗ, ಯಾರಿಗೇನು ನಷ್ಟ ಅಂದುಕೊಂಡೆ ಎಂದಳು ಅಮ್ಮ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇಲ್ಲಿ ಹೆತ್ತವಳ ಹೆಗ್ಗಣವನ್ನು ಮಗಳು ಮುದ್ದು ಮಾಡಿದ್ದಳು. ಹಾಗೆ ತಮಾಷೆ ಮಾಡಲು ಹೊರಟ ಅಮ್ಮನ ದನಿ ನಡುವೆಯೇ ನಿಂತಿತು, ಯಾಕೆಂದರೆ ಪಿಟೀಲು ಅಳುತ್ತಿದ್ದಳು. ಎರಡು ವಾರದಿಂದ ಕಟ್ಟಿಕೊಂಡದ್ದು ಒಟ್ಟಿಗೆ ಹೊರಬಂತು.

"ಅಪ್ಪ ಅಲ್ಲೇ ಇದಾರಮ್ಮ. ಆ ಬರೀ ನೀರಲ್ಲೇ. ಗೋಳದಲ್ಲಿ ಹುಡುಕಿದೆ, ಸಿಗಲಿಲ್ಲ. ಅಪ್ಪ ಎಲ್ಲೂ ಇಲ್ಲ ಅಂದ್ಕೊಂಡೆ. ನಾನು ಉತ್ತರಾನೂ ಕಳಿಸಿಲ್ಲ."

ಅಮ್ಮ ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಹತ್ತು ವರ್ಷದ ಕಾಲುಗಳು ಮಡಿಲು ಮೀರಿ ನೆಲಕ್ಕೆ ತಾಗುತ್ತಿದ್ದವು. ತುಂಬಾ ಹೊತ್ತು ಅಮ್ಮ ಪಟ್ಟಿ ತೀಡುವ ಹೆಬ್ಬೆರಳಿನಿಂದ ಅವಳ ಹಣೆಯನ್ನು ತೀಡುತ್ತಲೇ ಇದ್ದಳು.

ಅಳು ಇಳಿದ ಮೇಲೆ ಪಿಟೀಲು ಎದ್ದು ಗೋಳವನ್ನು ತಂದಳು. ಪಟ್ಟಿಯನ್ನು ಅದರ ಅಕ್ಕತಂಗಿಯರ ಮೇಲೆ ಇಟ್ಟು ನೋಡಿದರೆ ಇದು ಎಲ್ಲಕ್ಕಿಂತ ಸಪೂರ. ನೀರು ಕಾಣದ ಪಟ್ಟಿಯಲ್ಲವೇ. ಹನ್ನೆರಡರಲ್ಲಿ ಒಂದು ಪಾಲು ಹನ್ನೊಂದರಲ್ಲಿ ಒಂದು ಪಾಲಿಗಿಂತ ಚಿಕ್ಕದು ಎಂದು ಟೀಚರು ಭಿನ್ನರಾಶಿಯ ಪಾಠದಲ್ಲಿ ಹೇಳಿದಾಗ ಅವಳಿಗೆ ಅದು ತಲೆಕೆಳಗಾದ ಮಾತಾಗಿ ಕಂಡಿತ್ತು. ಈಗ ಕಣ್ಣೆದುರಿಗೇ ಇತ್ತು. ಒಂದು ಇಲ್ಲದ್ದು ಗೊತ್ತಾಗಬಾರದೆಂದು ಉಳಿದ ಹನ್ನೊಂದೂ ತಮ್ಮ ಮೈಯನ್ನು ಇಷ್ಟಿಷ್ಟೇ ಹಿಗ್ಗಿಸಿಕೊಂಡು ಆ ಜಾಗವನ್ನು ತುಂಬಿದ್ದವು. ಕೆಟ್ಟ ಬಲ್ಬು ತಾನೇ ಬದಲಾಯಿಸುವ ಅಮ್ಮನನ್ನು, ಅಪ್ಪನ ಕುರ್ಚಿಯ ಮೇಲೆ ಪುಸ್ತಕದ ಚೀಲ ಇಟ್ಟುಕೊಳ್ಳುವ ತನ್ನನ್ನು ಅವಳು ನೆನೆದಳು. ಮತ್ತೆ ಅಳು ಬರುವಂತಾಯಿತು, ಬರಲಿಲ್ಲ.

ಎಲ್ಲ ಕಿತ್ತು ಹೊಸ ಹನ್ನೆರಡು ಅಂಟಿಸಿಕೊಡಲಾ ಎಂದು ಅಮ್ಮ ಕೇಳಿದಳು. ಬೇಡ ಎಂದಳು ಪಿಟೀಲು. ಸಂದಿನ ಮೇಲ್ತುದಿಗೆ ಒಂದು ಗುಂಡುಪಿನ್ನು ಚುಚ್ಚಿ ಪಟ್ಟಿಯನ್ನು ತೂಗುಹಾಕಿದಳು. ಪಟ್ಟಿ ಚೆಂಡಿಗೆ ಅಂಟದೆ, ದೂರವೂ ಹೋಗದೆ, ಫ್ಯಾನಿನ ಗಾಳಿಗೆ ಸಣ್ಣಗೆ ಅಲುಗುತ್ತಿತ್ತು. ಏಳು ವರ್ಷದಲ್ಲಿ ಮೊದಲ ಸಲ ಆ ಗೋಳದ ಸಮುದ್ರದಲ್ಲಿ ಅಲೆ ಎದ್ದಿತ್ತು. ಅವಳು ದಕ್ಷಿಣ ಹದಿನೆಂಟು, ಪಶ್ಚಿಮ ನೂರ ಅರವತ್ತೈದರಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟಳು.

ಭಾನುವಾರ ಬೆಳಗ್ಗೆ ಎಂಟಕ್ಕೆ ಫೋನು ಟಿಣ್ ಎಂದಿತು. ಬಕೆಟ್ಟಿನಲ್ಲಿ ಬಟ್ಟೆ ನೆನೆಸುತ್ತಿದ್ದ ಅಮ್ಮ ನೊರೆಯ ಕೈಯಲ್ಲೇ ಓಡಿಬಂದಳು. ಪಿಟೀಲು ಗಟ್ಟಿಯಾಗಿ ಓದಿದಳು.

"ಎಂಜಿನ್ ಕೆಟ್ಟು ಆರು ದಿನ ನಡುನೀರಲ್ಲಿ ನಿಂತಿದ್ದೆವು. ಈಗ ಮೆಲ್ಲಗೆ ಹೊರಟಿದ್ದೇವೆ. ದಕ್ಷಿಣ 18, ಪಶ್ಚಿಮ 141. ಕ್ಷೇಮ. ಹೋದ ಸಲದ ಪ್ರಶ್ನೆಗೆ ಉತ್ತರ ಬರಲಿಲ್ಲ. ಅಲ್ಲಿ ಯಾರಾದರೂ ಇದ್ದೀರಾ?"

ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು. ನೀರಿನ ನಡುವೆ ನಿಂತ ಅಪ್ಪನೂ ಇಷ್ಟು ದಿನ ಇದನ್ನೇ ಹುಡುಕುತ್ತಿದ್ದ. ಅವನ ಕಡೆಯಿಂದ ನೋಡಿದರೆ ಕಾಣೆಯಾದದ್ದು ಈ ಮನೆ, ಈ ಕಿಟಕಿ, ತಾವಿಬ್ಬರು.

ಅವಳು ಕೆಂಪು ಚುಕ್ಕಿಯ ಮೇಲೆ ಬೆರಳಿಟ್ಟಳು. ಹೊರಟಳು. ನೂರ ಎಂಬತ್ತಕ್ಕೆ ಬಂದಾಗ ಎಡಗೈಯಿಂದ ಪಟ್ಟಿಯನ್ನು ಮೆಲ್ಲಗೆ ಬಿಡಿಸಿ ಹಿಡಿದು, ನೂರ ಎಪ್ಪತ್ತು, ನೂರ ಅರವತ್ತು, ನೂರೈವತ್ತು ಎಂದು ಎಣಿಸುತ್ತಾ ಅದರ ಮೇಲೆ ನಡೆದು ದಾಟಿ, ಮತ್ತೆ ಚೆಂಡಿನ ಮೇಲೆ ಇಳಿದು ನೂರ ನಲವತ್ತೊಂದಕ್ಕೆ ಬಂದು ನಿಂತಳು. ಗಂಟೆ ಮಾಡಿದಳು. ನೂರ ಎಂಬತ್ತರ ಗೆರೆ ದಾಟಿದರೆ ಒಂದು ದಿನ ಹಿಂದಕ್ಕೆ ಎಂದು ಟೀಚರು ಹೇಳಿದ್ದನ್ನು ನೆನಪಿಟ್ಟು ವಾರವನ್ನೂ ಬದಲಾಯಿಸಿದಳು. ಪಟ್ಟಿಯನ್ನು ಬಿಟ್ಟಿದ್ದರೆ ಮೂರೂವರೆ ಎಂದು ಬರುತ್ತಿತ್ತು.

ಇದ್ದೀವಿ ಅಪ್ಪ, ಇಬ್ಬರೂ ಇದ್ದೀವಿ ಎಂದು ಬರೆದಳು. ಅಲ್ಲಿ ಇನ್ನೂ ನಿನ್ನೆ, ಶನಿವಾರ, ಸಂಜೆ ಐದೂವರೆ ದಾಟಿದೆ. ಬಿಸಿಲು ಹಳದಿ ಇರಬೇಕು.

ಕಳಿಸಿ ತಲೆ ಎತ್ತಿದರೆ ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು. ಕೈಯ ನೊರೆ ಒಣಗುತ್ತಿತ್ತು, ಬಚ್ಚಲಲ್ಲಿ ಬಟ್ಟೆ ನೆನೆಯುತ್ತಿತ್ತು. ಅವಳು ಗೋಳವನ್ನು ನೋಡುತ್ತಿದ್ದಳು.

"ಹೇಗೆ ಎಣಿಸಿದೆ, ಇನ್ನೊಂದು ಸಲ ತೋರಿಸು" ಎಂದಳು. "ನಿಧಾನವಾಗಿ ತೋರಿಸು. ನಂಗೆ ಟೈಮಿದೆ."